ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಮೂರು ದಿನ

ಕೊಯಮತ್ತೂರು ಎಂದರೆ ನಮ್ಮ ಕಡೆಯವರಿಗೆ ಎರಡೇ ನೆನಪು. ಒಂದು ಊಟಿಗೆ ಹೋಗುವ ದಾರಿ, ಇನ್ನೊಂದು ತೋಟದ ಬಾವಿಗೆ ಇಳಿಸಿದ ಪಂಪ್‌ಸೆಟ್ಟು. ಮೂವತ್ತು ವರ್ಷದಿಂದ ಚೆನ್ನೈನಲ್ಲಿರುವ ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಕಳೆದ ಜನವರಿಯಲ್ಲಿ ರಾತ್ರಿ ಚೇರನ್ ಎಕ್ಸ್‌ಪ್ರೆಸ್ ಹತ್ತಿ ಅಲ್ಲಿಗೆ ಹೋದದ್ದು ಮಾತ್ರ ಬೇರೆ ಕೆಲಸಕ್ಕೆ. ಕಾಲೇಜು ಹುಡುಗ ಹುಡುಗಿಯರು ತಾವೇ ಕಟ್ಟಿದ ರೇಸ್ ಕಾರುಗಳನ್ನು ತಂದು ಪರೀಕ್ಷೆಗೆ ಒಡ್ಡುವ ‘ಫಾರ್ಮುಲಾ ಭಾರತ್’ ಸ್ಪರ್ಧೆ ನೋಡಲು.

ಕಳುಹಿಸಿದವನು ನನ್ನ ಅಣ್ಣ. ತಿಪಟೂರಿನಲ್ಲಿ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಅವನ ಮಗಳು ಪುಣೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮುಗಿದ ಮೇಲೆ ಇಂಗ್ಲೆಂಡಿಗೆ ಹೋಗಿ ಮೋಟರ್‌ಸ್ಪೋರ್ಟ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್ಸಿ. ಮಾಡಬೇಕು ಎಂಬ ಹಟ. ಸಾಲಕ್ಕೆ ಊರಿನ ಮನೆಯ ಪತ್ರ ಇಡಬೇಕು. ಅಣ್ಣ ಫೋನ್ ಮಾಡಿ, “ನೀನು ಬ್ಯಾಂಕಿನಲ್ಲಿ ಇದ್ದವನು. ಒಂದ್ಸಲ ಹೋಗಿ ಕಣ್ಣಾರೆ ನೋಡ್ಕೊಂಡು ಬಾರಪ್ಪ. ಇದು ಓದೋ ಆಟಾನೋ ನನಗಂತೂ ತಿಳೀತಿಲ್ಲ” ಎಂದ. ಮಗಳೇ ಓಡಾಡಿ ನನ್ನ ಪ್ರವೇಶಕ್ಕೆ ಅನುಮತಿ ಮಾಡಿಸಿದಳು.

ಟ್ರ್ಯಾಕ್ ಇರುವುದು ಚೆಟ್ಟಿಪಾಳಯದಲ್ಲಿ. ಪೋದನೂರು ದಾಟಿ ಹೋಗಬೇಕು. ಆಟೋದಲ್ಲಿ ಕೂತು ಅಣ್ಣನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಫೋನ್ ಇಟ್ಟ ಕೂಡಲೇ ಚಾಲಕ ಹಿಂದಿರುಗಿ, “ಯಾವ ಊರು ಸಾರ್ ನಿಮ್ದು?” ಎಂದು ಕನ್ನಡದಲ್ಲಿ ಕೇಳಿದ. ಉಚ್ಚಾರದಲ್ಲಿ ತಮಿಳಿನ ಎಳೆ ಇತ್ತು, ಆದರೆ ಕನ್ನಡ ಕನ್ನಡವೇ. ದೇವಾಂಗದವರಂತೆ. ತಲೆತಲಾಂತರದಿಂದ ನೇಯ್ಗೆಯವರು. ಕೊಯಮತ್ತೂರಿನ ಎಷ್ಟೋ ದೇವಾಂಗ ಮನೆಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ. “ಓದೋಕೆ ಬರೆಯೋಕೆ ಬರಲ್ಲ ಸಾರ್, ಅಮ್ಮನ ಹತ್ರ ಮಾತ್ರ” ಎಂದ. ಹೊರನಾಡ ಕನ್ನಡಿಗರು ಎಂದರೆ ನಾವು ನೌಕರಿಗೆ ಬಂದವರು ಎಂದುಕೊಂಡಿರುತ್ತೇವೆ. ನಮಗಿಂತ ಶತಮಾನಗಳ ಮುಂಚೆ ಮಗ್ಗದ ಜೊತೆ ಬಂದವರು ಇಲ್ಲಿದ್ದಾರೆ.

ರೇಸಿಂಗ್ ಈ ಊರಿಗೆ ಹೇಗೆ ಬಂತು ಎಂಬುದಕ್ಕೂ ಹತ್ತಿ ಗಿರಣಿಗಳ ನಂಟಿದೆ. ಗಿರಣಿಗೆ ಯಂತ್ರ ಬೇಕು, ಯಂತ್ರಕ್ಕೆ ಎರಕದ ಕುಲುಮೆ ಬೇಕು, ಲೇತ್ ಬೇಕು. 1937ರಲ್ಲಿ ಜಿ.ಡಿ. ನಾಯ್ಡು ಇಲ್ಲಿಯೇ ಭಾರತದಲ್ಲಿ ತಯಾರಾದ ವಿದ್ಯುತ್ ಮೋಟಾರನ್ನು ಹೊರತಂದರು. ಗಿರಣಿ ಮನೆತನದ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿಸಿದರು. ಅದೇ ಫಾರ್ಮುಲಾ ಮಾರುತಿ. ಹೊರದೇಶದ ಕಾರು ತರಿಸುವ ಶಕ್ತಿ ಇಲ್ಲದವರೂ ಓಡಿಸಬಹುದಾದ ಕಾರು ಅದು. ಇದೇ ಊರಿನ ನರೇನ್ ಕಾರ್ತಿಕೇಯನ್ ಆ ಬಗೆಯ ಕಾರಿನಿಂದ ಶುರುಮಾಡಿ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದರು. ಕರಿವರ್ಧನ್ ಅದನ್ನು ನೋಡಲಿಲ್ಲ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಕರಿ ಮೋಟರ್ ಸ್ಪೀಡ್‌ವೇ 2003ರಲ್ಲಿ ಶುರುವಾಯಿತು. ಸುತ್ತಳತೆ 2.1 ಕಿಲೋಮೀಟರ್. ನುಗ್ಗುವ ಗಾಳಿ ಇಡೀ ದಿನ ಟೋಪಿ ಹಾರಿಸುತ್ತದೆ.

ರೇಸ್ ಎಂದರೆ ಹತ್ತಾರು ಕಾರು ಒಟ್ಟಿಗೆ ನುಗ್ಗುತ್ತವೆ ಎಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಮೊದಲ ದಿನ ಒಂದೇ ಒಂದು ಕಾರು ಓಡಲಿಲ್ಲ. ಎಲ್ಲವೂ ತಪಾಸಣೆ. ಕಾರನ್ನು ಚಾಲಕನ ಸಮೇತ ಒಂದು ಹಲಗೆಯ ಮೇಲೆ ಇಟ್ಟು 60 ಡಿಗ್ರಿ ಓರೆ ಮಾಡುತ್ತಾರೆ. ಒಂದು ತೊಟ್ಟು ಪೆಟ್ರೋಲ್ ಸೋರಬಾರದು, ಮೇಲಿನ ಚಕ್ರ ಎದ್ದೇಳಬಾರದು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿ ನಿಲ್ಲಬೇಕು. ಬೆಂಕಿ ಬಿದ್ದರೆ ಎಂಬ ಲೆಕ್ಕದಲ್ಲಿ, ಬೆಲ್ಟ್ ಬಿಚ್ಚಿ ಸ್ಟಿಯರಿಂಗ್ ಕಿತ್ತು ಚಾಲಕ 5 ಸೆಕೆಂಡಿನಲ್ಲಿ ಹೊರಗೆ ನಿಂತಿರಬೇಕು. ಒಂದೊಂದು ಪಾಸಾದಾಗ ಕಾರಿನ ಮೂತಿಗೆ ಒಂದು ಸ್ಟಿಕ್ಕರ್. ಆ ಸ್ಟಿಕ್ಕರಿಗೆ ಮಕ್ಕಳು ಕುಣಿದಾಡುವುದನ್ನು ನೋಡಬೇಕು.

ಎಂಜಿನ್ ವಿಷಯವೂ ಹಾಗೇ. ಪುಣೆ ಪಕ್ಕದ ಚಾಕಣದಲ್ಲಿ ತಯಾರಾಗುವ ಕೆಟಿಎಂ ಬೈಕಿನ 373 ಸಿಸಿ ಎಂಜಿನ್ನೇ ನಮ್ಮ ದೇಶದ ಎಷ್ಟೋ ತಂಡಗಳ ಆಯ್ಕೆ. ಅದು ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ತೂತಿನಿಂದ ಹೋಗಬೇಕೆಂಬುದು ನಿಯಮ. ಐದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ತೂತು. ಮೂಗು ಹಿಡಿದುಕೊಂಡು ಓಡು ಎಂದ ಹಾಗೆ. ಆ ಕಟ್ಟಿನೊಳಗೆ ಯಾರು ಹೆಚ್ಚು ಶಕ್ತಿ ತೆಗೆಯುತ್ತಾರೆ ಎಂಬುದೇ ಪಂದ್ಯ. 1981ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಫಾರ್ಮುಲಾ ಎಸ್‌ಎಇ ಎಂಬ ಹೆಸರಿನಲ್ಲಿ ಶುರುವಾದ ವಿದ್ಯಾರ್ಥಿ ಸ್ಪರ್ಧೆಯ ಮಾದರಿ ಇದು. ಈಗ ಬ್ಯಾಟರಿ ಕಾರುಗಳಿಗೆ ಬೇರೆಯೇ ವಿಭಾಗವಿದೆ.

ಎರಡನೇ ದಿನ ನನಗೆ ಹೆಚ್ಚು ಹಿಡಿಸಿತು. ಒಟ್ಟು 1000 ಅಂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕಾರು ಕದಲದೆ ನಿಂತಿರುವಾಗಲೇ ಬರುತ್ತದೆ. ವಿನ್ಯಾಸ, ಖರ್ಚಿನ ಲೆಕ್ಕ, ವ್ಯಾಪಾರದ ಯೋಜನೆ. ಕಾರಿನ ಒಂದೊಂದು ಬೋಲ್ಟು, ವಾಷರಿಗೂ ಬೆಲೆ ಬರೆದ ಪಟ್ಟಿ ಇರಬೇಕು. ಖರ್ಚಿನ ಪಟ್ಟಿ ನಮ್ಮ ಹುಡುಗಿಯ ಜವಾಬ್ದಾರಿ. ತೀರ್ಪುಗಾರರು ಒಂದು ಬ್ರಾಕೆಟ್ ತೋರಿಸಿ, ಇದನ್ನು ಯಾಕೆ ಕೊರೆಸಿದಿರಿ, ಬಗ್ಗಿಸಿ ಬೆಸೆದಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದರು. ಅವಳು ಎರಡೂ ವಿಧಾನದ ಖರ್ಚು ಹೇಳಿ, ತೂಕ ಹೇಳಿ, ತಾವು ಕೊರೆಸಿದ್ದಕ್ಕೆ ಕಾರಣ ಹೇಳಿದಳು. ಸಾಲದ ಅರ್ಜಿ ಹಿಡಿದು ನನ್ನ ಮುಂದೆ ಕೂತಿದ್ದ ಎಷ್ಟೋ ಕಾರ್ಖಾನೆ ಮಾಲೀಕರು ಇಷ್ಟು ಸ್ಪಷ್ಟವಾಗಿ ಹೇಳಿದವರಲ್ಲ.

ಕೊನೆಯ ದಿನ ಎಂಡ್ಯೂರೆನ್ಸ್, ಅಂದರೆ ತಾಳಿಕೆಯ ಓಟ. ಸುಮಾರು 22 ಕಿಲೋಮೀಟರ್. ಕಿತ್ತಳೆ ಬಣ್ಣದ ಕೋನುಗಳ ನಡುವೆ ಸುತ್ತಬೇಕು. ದಾರಿಯನ್ನು ಬೇಕೆಂದೇ ಇಕ್ಕಟ್ಟಾಗಿ ಹಾಕಿರುವುದರಿಂದ ಸರಾಸರಿ ವೇಗ ನಮ್ಮ ಹೆದ್ದಾರಿ ಬಸ್ಸಿನಷ್ಟೇ. ಅರ್ಧ ಓಟಕ್ಕೆ ನಿಲ್ಲಿಸಿ, ಚಾಲಕನನ್ನು ಬದಲಿಸಿ, ಕಾದ ಎಂಜಿನ್ನನ್ನು ಮತ್ತೆ ಚಾಲೂ ಮಾಡಬೇಕು. ಅತಿ ಹೆಚ್ಚು ಅಂಕ ಇದಕ್ಕೇ.

ಇವಳ ತಂಡದ ಕಾರು ಮೊದಲರ್ಧ ಚೆನ್ನಾಗಿಯೇ ಓಡಿತು. ಚಾಲಕ ಬದಲಾದ. ಬಟನ್ ಒತ್ತಿದ. ಸ್ಟಾರ್ಟರ್ ಒಂದೆರಡು ಸಲ ಗೊಣಗಿ ಸುಮ್ಮನಾಯಿತು. ಮತ್ತೆ ಒತ್ತಿದ. ಸದ್ದೇ ಇಲ್ಲ. ಸಮಯ ಮುಗಿಯಿತೆಂದು ಅಧಿಕಾರಿ ಕೈ ಎತ್ತಿದರು. ಒಂದು ವರ್ಷದ ಕೆಲಸವನ್ನು ಹುಡುಗರು ಕೈಯಲ್ಲಿ ತಳ್ಳಿಕೊಂಡು ಹೊರಗೆ ತಂದರು. ಇಬ್ಬರು ಅಳುತ್ತಿದ್ದರು.

ನಮ್ಮ ಹುಡುಗಿ ಅಳಲಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ಕಾರಿನೊಳಗೆ ದಾಖಲಾದ ಅಂಕಿಗಳನ್ನು ತೆಗೆದಳು. ನೀರು ಕಾದಿತ್ತು, ಫ್ಯಾನ್ ನಿಲ್ಲದೆ ಓಡಿತ್ತು, ಬ್ಯಾಟರಿ ಇಳಿದಿತ್ತು. “ತೂಕ ಕಡಿಮೆ ಆಗುತ್ತೆ, ಚಿಕ್ಕ ಬ್ಯಾಟರಿ ಹಾಕೋಣ ಅಂದಿದ್ದು ನಾನೇ” ಎಂದು ಎಲ್ಲರೆದುರೂ ಹೇಳಿದಳು. ಯಾರೂ ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಮುಂದಿನ ವರ್ಷದ ಕಿರಿಯರಿಗಾಗಿ ಟಿಪ್ಪಣಿ ಬರೆಯತೊಡಗಿದಳು: ಯಾವ ಬ್ಯಾಟರಿ, ಎಷ್ಟು ಉಳಿಸಿದೆವು, ಏನು ಕಳೆದುಕೊಂಡೆವು. ಬ್ಯಾಂಕಿನಲ್ಲಿ ಮುಳುಗಿದ ಸಾಲಗಳ ಕಡತ ಬಹಳ ನೋಡಿದ್ದೇನೆ. ಮುಳುಗಿಸಿದವರೇ ಕಾರಣ ಬರೆದಿಟ್ಟ ಕಡತ ನೆನಪಿಲ್ಲ.

ಸಂಜೆ ಪೋದನೂರಿನ ಹೋಟೆಲಿನಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ನಮ್ಮಲ್ಲಿ ಈ ವಿದ್ಯೆ ಹೆಚ್ಚಾಗಿ ಹೀಗೆ ಕಾಲೇಜಿನ ಕ್ಲಬ್ಬಿನಲ್ಲಿ, ರಾತ್ರಿ ವರ್ಕ್‌ಶಾಪಿನಲ್ಲಿ ಸಿಗುತ್ತದೆ. ಬ್ರಿಟನ್ನಿನಲ್ಲಿ ಕ್ರ್ಯಾನ್‌ಫೀಲ್ಡ್, ಆಕ್ಸ್‌ಫರ್ಡ್ ಬ್ರೂಕ್ಸ್‌ನಂಥ ವಿಶ್ವವಿದ್ಯಾಲಯಗಳು ಇದನ್ನೇ ಪದವಿಯಾಗಿ ಕಲಿಸುತ್ತವೆ: ವಾಹನದ ಚಲನೆ, ಗಾಳಿಯ ಒತ್ತಡ, ಕಾರ್ಬನ್ ಫೈಬರ್, ಅಂಕಿಅಂಶದ ವಿಶ್ಲೇಷಣೆ. ಫಾರ್ಮುಲಾ ಒನ್‌ನ ಹೆಚ್ಚಿನ ತಂಡಗಳೂ ಆ ಸುತ್ತಮುತ್ತಲೇ ಇವೆ. ಆದರೆ 2021ರಿಂದ ಆ ತಂಡಗಳ ಖರ್ಚಿಗೂ ಮಿತಿ ಇದೆ. ಆ ವರ್ಷ ಅದು 14.5 ಕೋಟಿ ಡಾಲರ್. ಬೇಕಾದಷ್ಟು ಜನರನ್ನು ತುಂಬಿಕೊಳ್ಳುವ ಕಾಲ ಅಲ್ಲ. ವೀಸಾ ನಿಯಮಗಳೂ ಬದಲಾಗುತ್ತಿರುತ್ತವೆ. “ಗೊತ್ತು ಚಿಕ್ಕಪ್ಪ. ನಮ್ಮ ಸೀನಿಯರ್ಸ್ ಸುಮಾರು ಜನ ಇರೋದು ಪುಣೆ, ಚೆನ್ನೈ, ಬೆಂಗಳೂರಿನ ಗಾಡಿ ಕಂಪನಿಗಳಲ್ಲೇ” ಎಂದಳು.

ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತಾರೆ, ಅದಕ್ಕೇ ಮನೆ ಪತ್ರ ಎಂದೆ. ಅವಳ ಕೈಯ ತುತ್ತು ಅಲ್ಲೇ ನಿಂತಿತು.

“ಯಾವ ಮನೆ?”

“ಇರೋದು ಒಂದೇ ಅಲ್ವೇನಮ್ಮ.”

ಅಪ್ಪ ಅವಳಿಗೆ ಹೇಳಿರಲಿಲ್ಲ. ಬಹಳ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಬಿಲ್ಲಿನ ಹಿಂಬದಿಯಲ್ಲಿ ಏನೇನೋ ಗೀಚಿ, ಎರಡು ವರ್ಷ ಕೆಲಸ ಮಾಡಿ, ಅರ್ಧದಷ್ಟಾದರೂ ಕೂಡಿಟ್ಟು ಹೋಗುತ್ತೇನೆ, ಅಪ್ಪನಿಗೆ ನೀವೇ ಹೇಳಿ ಎಂದಳು.

ರಾತ್ರಿ ಸ್ಟೇಷನ್ನಿನಿಂದ ಅಣ್ಣನಿಗೆ ಫೋನ್ ಮಾಡಿ ಮೂರು ದಿನದ್ದೆಲ್ಲ ಹೇಳಿದೆ, ಬ್ಯಾಟರಿಯ ಕತೆಯನ್ನೂ. ಇದು ಓದೇ, ಆಟವಲ್ಲ ಎಂದೆ. ಎರಡು ವರ್ಷದ ಮಾತನ್ನೂ ತಿಳಿಸಿದೆ. ಸಮಾಧಾನವಾಗುತ್ತದೆ ಎಂದುಕೊಂಡರೆ ಅವನಿಗೆ ಸಿಟ್ಟು ಬಂತು. “ಓದೇ ಅಂತೀಯ, ಮತ್ತೆ ಎರಡು ವರ್ಷ ಯಾಕೆ ಕಾಯ್ಬೇಕು? ಮನೆ ಇರೋದು ಯಾತಕ್ಕೆ?” ಅಪ್ಪ ಮಗಳ ಆ ವಾದ ಇನ್ನೂ ನಡೆದಿದೆ. ನಾನು ಮಗಳ ಕಡೆ.

ನಿಮ್ಮ ಮನೆಯಲ್ಲೂ ರಾತ್ರಿಯೆಲ್ಲ ವರ್ಕ್‌ಶಾಪ್ ಎಂದು ಕೈ ತುಂಬ ಗ್ರೀಸ್ ಮಾಡಿಕೊಂಡು ಬರುವ ಮಕ್ಕಳಿದ್ದರೆ, ಜನವರಿಯಲ್ಲಿ ಅವರ ಜೊತೆ ಒಮ್ಮೆ ಚೆಟ್ಟಿಪಾಳಯಕ್ಕೆ ಹೋಗಿ. ಒಳಗೆ ಬಿಡುವ ವಿಚಾರವನ್ನು ಮೊದಲೇ ಮಕ್ಕಳ ಮೂಲಕ ಕೇಳಿಕೊಳ್ಳಿ. ಬಿಸಿಲು ಜೋರು, ಟೋಪಿ ಇರಲಿ, ಗಾಳಿಗೆ ಹಾರದಂಥದ್ದು. ಬಿಡುವಿದ್ದರೆ ಊರೊಳಗೆ ಜಿ.ಡಿ. ನಾಯ್ಡು ಅವರ ಹೆಸರಿನ ಕಾರು ಮ್ಯೂಸಿಯಂ ನೋಡಿ. ಆಟೋದಲ್ಲಿ ಕೂತಾಗ ಕನ್ನಡದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿ. ಚಾಲಕ ತಿರುಗಿ ನಿಮ್ಮ ಊರು ಕೇಳಿದರೂ ಕೇಳಬಹುದು.