ಫಾರ್ವರ್ಡ್ ಮಾಡೋಕೆ ಮುಂಚೆ

ಈಗಷ್ಟೇ ವಿಜಯನಗರ ಮಾರ್ಕೆಟ್ಟಲ್ಲಿ ಸೊಪ್ಪು ತಗೋತಿದ್ದೆ. ಪಕ್ಕದ ಅಜ್ಜಿ ಮೊಬೈಲನ್ನ ಕಿವಿಗೆ ಒತ್ತಿಕೊಂಡು ‘ಮಕ್ಕಳ ಕಳ್ಳರು ಬಂದಿದ್ದಾರಂತೆ’ ಅನ್ನೋ ವಾಯ್ಸ್ ಮೆಸೇಜ್ ಕೇಳ್ತಾ, ಇನ್ನೊಂದು ಕೈಲಿ ಮೊಮ್ಮಗಳ ಫ್ರಾಕ್ ಬಿಗಿಯಾಗಿ ಹಿಡಿದಿದ್ರು. ಎದೆ ಧಸಕ್ ಅಂತು. 2018ರ ಮೇ ತಿಂಗಳಲ್ಲಿ ಇಲ್ಲೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಇಂಥದ್ದೇ ವಾಟ್ಸಾಪ್ ವದಂತಿ ನಂಬಿ, ರಾಜಸ್ಥಾನದಿಂದ ದುಡಿಯೋಕೆ ಬಂದಿದ್ದ ಹುಡುಗನನ್ನ ಕಟ್ಟಿ ಹೊಡೆದು ಕೊಂದೇಬಿಟ್ರು. ಅದೆಲ್ಲಾ ಸುಳ್ಳು ಅಂತ ಪೊಲೀಸರು ಹೇಳ್ತಾನೇ ಇದ್ರು. ಅವರ ಮಾತಿಗಿಂತ ಗ್ರೂಪಿನ ಮಾತು ನಮಗೆ ಯಾಕೆ ಹತ್ತಿರ? ಠಾಣೆ ಮೆಟ್ಟಿಲು ಹತ್ತೋಕೆ ಇರೋ ಹಿಂಜರಿಕೆನೇ ಕಾರಣ ಅನ್ಸುತ್ತೆ. ಅದಕ್ಕೇ ಅಜ್ಜಿ ಫೋನಲ್ಲಿ ತುರ್ತು ಸಹಾಯದ ನಂಬರ್ 112 ಸೇವ್ ಮಾಡಿಕೊಟ್ಟು ಬಂದೆ. ನಿಮ್ಮ ಗ್ರೂಪಿಗೂ ಈ ಆಡಿಯೋ ಬಂತಾ? ಬಂದಾಗ ಏನ್ ಮಾಡಿದ್ರಿ?