ಎಡಕ್ಕೆ ಬಂದರೆ ಹಾರ್ಟು, ಬಲಕ್ಕೆ ಬಂದರೆ ಗ್ಯಾಸು

ನಮ್ಮಲ್ಲಿ ಎದೆನೋವಿಗೆ ಎರಡೇ ಹೆಸರು: ಎಡಕ್ಕೆ ಬಂದರೆ ಹಾರ್ಟು, ಬಲಕ್ಕೆ ಬಂದರೆ ಗ್ಯಾಸು. ಯಾವ ಸರ್ವೇಯರ್ ಬಂದು ಈ ಗಡಿಕಲ್ಲು ನೆಟ್ಟು ಹೋದನೋ! ಹೃದಯವಿರುವುದು ಎದೆಮೂಳೆಯ ಹಿಂದೆ, ಹೆಚ್ಚುಕಡಿಮೆ ನಟ್ಟನಡುವೆ. ತುದಿ ಮಾತ್ರ ಎಡಕ್ಕೆ ವಾಲಿದೆ. ಹೃದಯಾಘಾತದ ನೋವನ್ನು ಬೆರಳಿಟ್ಟು ತೋರಿಸುವವರು ಕಡಿಮೆ. ಬಹಳ ಮಂದಿ ಮುಷ್ಟಿಯನ್ನೇ ಎದೆಯ ನಡುವೆ ಒತ್ತಿಕೊಳ್ಳುತ್ತಾರೆ. ಆ ಮುಷ್ಟಿಗೆ ವೈದ್ಯರು ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಎಂಬ ಡಾಕ್ಟರ ಹೆಸರಿಟ್ಟಿದ್ದಾರೆ. ಹಿಂಡುವ ಆ ನೋವು ದವಡೆಗೂ ಏರೀತು, ಬಲಗೈಗೂ ಇಳಿದೀತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯ ನಿಂತು ಹೋದ ಮೇಲೆ, ಮತ್ತೆ 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ, ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಭಯ ಬೀಳಬೇಡಿ ಎನ್ನುವುದು ಸುಲಭ. ಆದರೂ ಎಡಕ್ಕೆ ಬಂದ ನೋವೆಲ್ಲ ಹಾರ್ಟಲ್ಲ: ಪಕ್ಕೆಲುಬಿನ ಮೃದ್ವಸ್ಥಿ ಊದಿಕೊಂಡರೂ ಎಡಗಡೆ ಚುಚ್ಚುತ್ತದೆ, ಜಿಮ್ಮಿನಲ್ಲಿ ಸ್ನಾಯು ಉಳುಕಿದರೂ ಚುಚ್ಚುತ್ತದೆ. ಉಸಿರೆಳೆದಾಗ ಮಾತ್ರ ಇರಿದರೆ ಶ್ವಾಸಕೋಶದ ಪೊರೆಯನ್ನು ಅನುಮಾನಿಸಬೇಕು. ಅದರ ಹಿಂದೆ ನ್ಯುಮೋನಿಯಾ ಇರಬಹುದು, ಕ್ಷಯ ಇರಬಹುದು, ಕಾಲಿನಿಂದ ಹೊರಟು ಬಂದ ರಕ್ತದ ಹೆಪ್ಪೂ ಇರಬಹುದು. ತೆಳ್ಳಗೆ ಉದ್ದಕ್ಕೆ ಬೆಳೆದ ಹುಡುಗನಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕೆ ಹಿಡಿದು ಉಸಿರು ಕಟ್ಟಿದರೆ, ಶ್ವಾಸಕೋಶದಿಂದ ಗಾಳಿ ಸೋರಿರಬಹುದು, ತಡಮಾಡುವ ಹಾಗಿಲ್ಲ.

ಎಡ-ಬಲದ ಆ ಗಡಿಗೆ ನಿಜಕ್ಕೂ ಮರ್ಯಾದೆ ಕೊಡುವ ಕಾಯಿಲೆ ಬೇರೆಯೇ ಇದೆ. ನಮ್ಮ ಚಿಕ್ಕಮ್ಮನಿಗೆ ಬಲಪಕ್ಕೆಯಲ್ಲಿ ಉರಿ ಶುರುವಾಯಿತು. ಬಲಗಡೆಯಲ್ಲವೇ, “ವಾಯು ಕಣೇ, ಓಮದ ಕಷಾಯ ಕುಡಿ” ಎಂದು ಅಜ್ಜಿ ತೀರ್ಪು ಕೊಟ್ಟರು. ರವಿಕೆ ತಾಗಿದರೂ ಚಿಕ್ಕಮ್ಮ ಬೆಚ್ಚುತ್ತಿದ್ದರು. ಕೆಲವು ದಿನ ಕಳೆದು ಬೆನ್ನಿನಿಂದ ಮುಂದಕ್ಕೆ ಪಟ್ಟಿಯಾಗಿ ನೀರುಗುಳ್ಳೆ ಎದ್ದಿತು. ಎದೆಮೂಳೆಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಸರ್ಪಸುತ್ತು! “ತಲೆ ಬಾಲ ಕೂಡಿದರೆ ಆಸೆಯಿಲ್ಲ” ಎಂದು ನೆರೆಮನೆಯವರು ಹೆದರಿಸಿ ಕೆಮ್ಮಣ್ಣು ಕಲಸಲು ಕೂತರು. ಕೂಡುವುದು ತೀರಾ ಅಪರೂಪ. ಹಿಂದೆಂದೋ ಬಂದ ಚಿಕನ್ ಪಾಕ್ಸಿನ ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ಆ ಒಂದೇ ನರದ ಹಾದಿ ಹಿಡಿದು ಹೊರಬರುತ್ತದೆ; ಆ ನರಕ್ಕೆ ಮೈಯ ಒಂದು ಬದಿಯ ಪಟ್ಟಿಯಷ್ಟೇ ಪಾಲು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ಸಿನ ವಿರುದ್ಧದ ಮಾತ್ರೆ ಶುರುವಾದರೆ ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಆ ಹೊತ್ತು ಕೆಮ್ಮಣ್ಣಿಗೇ ಹೋಗಿಬಿಡುತ್ತದೆ.

ಇನ್ನು ಗ್ಯಾಸು. ಹುಳಿತೇಗು ಎದೆ ಉರಿಸುವುದು ಸುಳ್ಳಲ್ಲ. ಆದರೆ ಹೃದಯಾಘಾತವೂ ಹೊಟ್ಟೆ ತೊಳಸಿ, ಬೆವರಿಳಿಸಿ, ಗ್ಯಾಸಿನ ವೇಷದಲ್ಲೇ ಬರುವುದುಂಟು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ವಿಶೇಷವಾಗಿ. ಸೋಡಾ ಕುಡಿದು ತೇಗು ಬಂದ ಮಾತ್ರಕ್ಕೆ ಹೃದಯ ನೆಟ್ಟಗಿದೆ ಎಂದಾಗದು. ಈಗ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆಯುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನೂ ಉಚಿತವಾಗಿ ಕೊಡುತ್ತಾರೆ. ಮನೆಯವರು ಆಟೋ ಕರೆದು ನಿಂತಿದ್ದರೂ “ತಡಿಯೋ, ಇನ್ನೊಂದು ಸೋಡಾ ನೋಡೋಣ” ಎನ್ನುವ ಯಜಮಾನರನ್ನು ಹೊರಡಿಸುವುದೇ ಕಷ್ಟ.