ಹ್ಯಾಲಿ ಹಡಗೇರಿ ಕಂಡ ತಾರಾಗುಚ್ಛ

ಆಫ್ರಿಕದ ಕರಾವಳಿಯಿಂದ ಸುಮಾರು 1,900 ಕಿ.ಮೀ. ದೂರ, ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಬರೀ 122 ಚದರ ಕಿ.ಮೀ. ನೆಪೋಲಿಯನ್ ಸೆರೆಯಲ್ಲಿದ್ದು 1821ರಲ್ಲಿ ಸತ್ತದ್ದು ಇಲ್ಲಿಯೇ ಎಂಬುದನ್ನು ಚರಿತ್ರೆಯ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಅಲ್ಲಿನ ಬೆಟ್ಟವೊಂದಕ್ಕೆ ಹ್ಯಾಲಿಯ ಹೆಸರಿರುವುದು ಮಾತ್ರ ಹೆಚ್ಚು ಜನರಿಗೆ ತಿಳಿಯದು.

ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿಯೇ ಈತ. 1676ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆಕ್ಸ್‌ಫರ್ಡಿನ ಓದನ್ನು ಅರ್ಧಕ್ಕೇ ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿಬಿಟ್ಟ. ಇಂಗ್ಲೆಂಡಿನ ದಿಗಂತದಲ್ಲಿ ಎಂದೂ ಮೂಡದ ದಕ್ಷಿಣದ ನಕ್ಷತ್ರಗಳನ್ನು ಅಳೆಯುವ ಹುಚ್ಚು ಅವನಿಗೆ. ಇಂದಿನ ತಂದೆತಾಯಿಗಳಾದರೆ ಏನೆನ್ನುತ್ತಿದ್ದರೋ! ಲಂಡನ್ನಿನ ಸಾಬೂನು ವ್ಯಾಪಾರಿಯಾಗಿದ್ದ ಅವನಪ್ಪ ವರ್ಷಕ್ಕೆ 300 ಪೌಂಡು ಕೊಡಲು ಒಪ್ಪಿದ. ಆಗ ಗ್ರೀನಿಚ್‌ನ ಆಸ್ಥಾನ ಖಗೋಳಜ್ಞನ ಸಂಬಳವೇ ವರ್ಷಕ್ಕೆ 100 ಪೌಂಡು.

ಬೆಟ್ಟದ ಮೇಲೆ ಹವೆ ಕೈಕೊಟ್ಟಿತು. ಮೋಡ ಸರಿಯಲೆಂದು ರಾತ್ರಿಗಟ್ಟಲೆ ಕಾದರೂ, ಒಂದು ವರ್ಷದಷ್ಟು ಕಾಲದಲ್ಲಿ ಕೈಗೆ ಸಿಕ್ಕಿದ್ದು 341 ನಕ್ಷತ್ರಗಳ ಸ್ಥಾನ. ಅಲ್ಲಿ 1677ರಲ್ಲಿ ನೋಡಿದ ಒಂದು 'ನಕ್ಷತ್ರ' ಮಾತ್ರ ಬೇರೆಯೇ ಬಗೆಯದು. 1603ರ ತಾರಾಪಟದಲ್ಲಿ ಬೇಯರ್ ಅದಕ್ಕೆ ಒಮೆಗಾ ಎಂಬ ಗ್ರೀಕ್ ಅಕ್ಷರ ಕೊಟ್ಟಿದ್ದ. ಹ್ಯಾಲಿಗೆ ಅದು ಮಸುಕಾದ ಬೆಳಕಿನ ಕಲೆಯಂತೆ ಕಂಡಿತು. 1716ರಲ್ಲಿ ಅಂಥ ಆರು ಕಲೆಗಳ ಪಟ್ಟಿ ಪ್ರಕಟಿಸಿದಾಗ ಇದನ್ನೂ ಸೇರಿಸಿದ.

ಆ ಒಮೆಗಾ ಸೆಂಟಾರಿ ಒಂದು ನಕ್ಷತ್ರವಲ್ಲ. ಸುಮಾರು ಒಂದು ಕೋಟಿ ನಕ್ಷತ್ರಗಳು ಚೆಂಡಿನಂತೆ ಒತ್ತೊತ್ತಾಗಿ ಸೇರಿರುವ ಗೋಳಗುಚ್ಛ. ದೂರ ಸುಮಾರು 17,000 ಜ್ಯೋತಿರ್ವರ್ಷ. ಅದರ ನಡುವೆ ಏಳು ನಕ್ಷತ್ರಗಳು ವಿಪರೀತ ವೇಗದಲ್ಲಿ ಓಡುತ್ತಿರುವುದನ್ನು ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಗುರುತಿಸಿದ ವಿಜ್ಞಾನಿಗಳು, ಸೂರ್ಯನಿಗಿಂತ ಕನಿಷ್ಠ 8,200 ಪಟ್ಟು ತೂಕದ ಕಪ್ಪುರಂಧ್ರ ಅಲ್ಲಿರಬೇಕೆಂದು 2024ರಲ್ಲಿ ಪ್ರಕಟಿಸಿದರು.

ಹ್ಯಾಲಿ 1678ರಲ್ಲಿ ಊರಿಗೆ ಮರಳಿದ. ದೊರೆ ಎರಡನೆಯ ಚಾರ್ಲ್ಸನ ಅಪ್ಪಣೆಯಂತೆ ಆಕ್ಸ್‌ಫರ್ಡ್ ಅವನಿಗೆ ಪರೀಕ್ಷೆಯಿಲ್ಲದೆಯೇ ಎಂ.ಎ. ಪದವಿ ಕೊಟ್ಟಿತು.

ಈ ಗುಚ್ಛ ನೋಡಲು ಕರ್ನಾಟಕದವರಿಗೆ ಹಡಗು ಬೇಕಿಲ್ಲ. ಮೇ ತಿಂಗಳ ನಡುವೆ, ಚಂದ್ರನಿಲ್ಲದ ರಾತ್ರಿ, ಹತ್ತೂಕಾಲರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ಹೊಳೆಯುವ ಚಿತ್ತಾ ನಕ್ಷತ್ರದಿಂದ ನೆಟ್ಟಗೆ ಕೆಳಗಿಳಿಯಿರಿ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಅದು ದಿಗಂತದಿಂದ ಚಾಚಿದ ಕೈಯ ಮೂರು ಮುಷ್ಟಿಯಷ್ಟು ಮೇಲೆ; ಬೀದರಿನವರಿಗೆ ಎರಡೂವರೆ. ನಗರದ ತಾರಸಿಯಿಂದ ದೀಪಗಳ ಝಳದಲ್ಲಿ ಕಾಣುವುದು ಕಷ್ಟ. ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದಾಗ ಹೊಲದ ಬದುವಿನ ಮೇಲೆ ನಿಂತರೆ ಬರಿಗಣ್ಣಿಗೆ ಮಂಕು ಚುಕ್ಕೆ, ಬೈನಾಕ್ಯುಲರಿಗೆ ಪುಟ್ಟ ಹತ್ತಿಯುಂಡೆ. ಜೂನಿನ ಮೋಡ ಕವಿಯುವ ಮೊದಲೇ ನೋಡಿಬಿಡಬೇಕು.